ಷಡ್ಡಕರ ಜಂಟಿ ಕಾವಲು

ಬೇರೆಯವರು ಏನು ಮಾಡಬೇಕು ಎಂದು ಯೋಚಿಸುವಾಗ ನನ್ನ ತಲೆ ಓಡುವಷ್ಟು ಚುರುಕಾಗಿ ಬೇರೆ ಯಾವುದಕ್ಕೂ ಓಡುವುದಿಲ್ಲ. ನನ್ನ ಶಾಲೆ ಏಳನೇ ಇಯತ್ತೆಗೇ ಮುಗಿಯಿತು. ಸಯನ್ನಿನ ಹೋಟೆಲೊಂದರಲ್ಲಿ ಲೋಟ ತೊಳೆದು, ದೋಸೆ ಕಾವಲಿಯ ಮುಂದೆ ಬೆವರು ಸುರಿಸಿ, ಈಗ ಅದೇ ರಸ್ತೆಯಲ್ಲಿ ನನ್ನದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದೇನೆ. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ, ಅಭ್ಯಾಸ. ಆದರೆ ಈಚೆಗೆ ಆ ಜಾಗದಲ್ಲಿ ಕೂತರೂ ಕೂತ ಹಾಗಾಗುತ್ತಿರಲಿಲ್ಲ. ಕಾರಣ, ಹೊರ್ಮುಜ್ ಜಲಸಂಧಿ.

ನನ್ನ ಹೆಂಡತಿಯ ತಮ್ಮ ಸುಧಾಕರ ಎಣ್ಣೆ ಸಾಗಿಸುವ ಹಡಗಿನಲ್ಲಿ ಅಡುಗೆಯವನು. ಆ ಕಡೆ ಯುದ್ಧ ಶುರುವಾದ ಮೇಲೆ ಅವನ ಹಡಗು ಜಲಸಂಧಿಯ ಒಳಬದಿಯಲ್ಲೇ ಸಿಕ್ಕಿಕೊಂಡು, ಯಾರಾದರೂ ಕಾವಲಿಗೆ ಬಂದಾರೆಂದು ಕಾಯುತ್ತಿತ್ತು. ದೊಡ್ಡ ದೇಶವೊಂದು ತನ್ನ ಮಿತ್ರರಿಗೆ, ಎಣ್ಣೆ ನಿಮಗೂ ಬೇಕಲ್ಲ, ಯುದ್ಧನೌಕೆ ಕಳಿಸಿ ಎನ್ನುತ್ತಿತ್ತು. ಒಬ್ಬರು ಪಾರ್ಲಿಮೆಂಟನ್ನು ಕೇಳಬೇಕೆಂದರು. ಒಬ್ಬರು ಮೊದಲು ಯುದ್ಧ ನಿಲ್ಲಲಿ ಎಂದರು. ಇನ್ನೊಬ್ಬರು ತೀವ್ರ ಕಳವಳ ವ್ಯಕ್ತಪಡಿಸಿದರು. ಕಳವಳ ನಮ್ಮ ಮನೆಯಲ್ಲೇ ಬೇಕಾದಷ್ಟಿತ್ತು. ಹೆಂಡತಿ ಶಶಿಕಲಾ ಅನ್ನ ಬಡಿಸಿಕೊಂಡು ಹಾಗೇ ಎದ್ದುಬಿಡುತ್ತಿದ್ದಳು. ನಾನು ಚಿಲ್ಲರೆ ಕೊಡುತ್ತಲೇ ಮಿತ್ರದೇಶಗಳ ಮಾನ ಕಳೆಯುತ್ತಿದ್ದೆ. "ಇವರೆಲ್ಲ ಊಟಕ್ಕೆ ಮಾತ್ರ ನೆಂಟರು" ಎಂದರೆ, ಇಡ್ಲಿ ತಿನ್ನುತ್ತಿದ್ದವರು ಪಾಪ, ತಮಗೇ ಅಂದೆನೆಂದು ತಲೆ ತಗ್ಗಿಸುತ್ತಿದ್ದರು.

ಸುಧಾಕರನ ಮನೆ ಮಲಾಡಿನಲ್ಲಿ. ಅವನು ಹಡಗಿನಲ್ಲಿರುವಾಗ ಅಲ್ಲಿ ನನ್ನ ಅತ್ತೆ ಒಬ್ಬರೇ. ಅವರಿಗೆ ಬಿ.ಪಿ.; ಸುದ್ದಿ ಕಿವಿಗೆ ಬೀಳಬಾರದು. ಹೆಣ್ಣುಮಕ್ಕಳು ಹೋದರೆ ಹೊಸ್ತಿಲಲ್ಲೇ ಅತ್ತುಬಿಡುತ್ತಾರೆ. ಆದ್ದರಿಂದ ನಾವು ಮೂವರು ಅಳಿಯಂದಿರು, ಅಂದರೆ ಷಡ್ಡಕರು, ವಾಟ್ಸಾಪಿನಲ್ಲಿ ಒಪ್ಪಂದ ಮಾಡಿಕೊಂಡೆವು: ಸರದಿಯ ಮೇಲೆ ಅತ್ತೆಯ ಪಕ್ಕ ಕೂತು, ರಿಮೋಟು ಕೈಯಲ್ಲಿ ಹಿಡಿದು, ವಾರ್ತೆ ಬಂದರೆ ಧಾರಾವಾಹಿಗೆ ತಿರುಗಿಸುವುದು. ವಿಲೆ ಪಾರ್ಲೆಯ ದಯಾನಂದನಿಗೆ ವಿಮಾನ ನಿಲ್ದಾಣದಲ್ಲಿ ಶಿಫ್ಟು. ಮಲಾಡಿನಲ್ಲೇ ಇರುವ ರಮೇಶ, "ನಾನು ಹತ್ತಿರದವ, ಯಾವಾಗ ಬೇಕಾದರೂ ಹೋದೇನು" ಎಂದ; ಹಾಗಾಗಿ ಯಾವಾಗಲೂ ಹೋಗಲೇ ಇಲ್ಲ. ನನಗೆ ಹೋಟೆಲು. ನಾನಿಲ್ಲದಿದ್ದರೆ ಸಾಂಬಾರು ನೀರಾಗುತ್ತದೆಂಬುದು ನನ್ನ ನಂಬಿಕೆ. ಅಡುಗೆ ಭಟ್ಟರ ಅಭಿಪ್ರಾಯ ಕೇಳಿಲ್ಲ.

ಕೊನೆಗೊಂದು ದಿನ, ಮಧ್ಯಾಹ್ನ ಹಡಗು ಹೊರಡುತ್ತದೆಂದು ಸುದ್ದಿ ಬಂತು. "ಅಮ್ಮನ ಹತ್ರ ಯಾರಿದ್ದಾರೆ?" ಎಂದು ಶಶಿಕಲಾ ಕೇಳಿದಳು. ದಯಾನಂದ ಎಂದೆ. ಅವಳು ಅವನಿಗೆ ಫೋನು ಮಾಡಿದಳು.

"ರಮೇಶಣ್ಣ ಇಲ್ವಾ ಅಲ್ಲಿ?" ಎಂದ ದಯಾನಂದ.

ರಮೇಶನಿಗೆ ಮಾಡಿದಳು. "ಸಯನ್ ಭಾವ ಹೋಗಿದ್ದಾರೆ ಅಂತ ನಾನು ಗ್ರಹಿಸಿದ್ದೆ ಅಕ್ಕ."

ಸಯನ್ ಭಾವ ಅವಳ ಎದುರಿಗೇ ಹಲ್ಲು ಕಡ್ಡಿ ಹಿಡಿದು ನಿಂತಿದ್ದ.

"ಮೂರು ಜನ ಸೇರಿ ಒಂದು ರಿಮೋಟು ಹಿಡೀಲಿಕ್ಕೆ ಆಗ್ಲಿಲ್ಲ ನಿಮಗೆ," ಎಂದಳು. "ನೀವು ಸಮುದ್ರ ಕಾಯುವವರಿಗೆ ಬುದ್ಧಿ ಹೇಳುವುದು."

ಹೊರಟೆ. ದಾದರಿನಲ್ಲಿ ಲೋಕಲ್ ರೈಲು ಬದಲಿಸಿದೆ. ಎಂದೂ ಸಿಗದ ಸೀಟು ಅಂದು ಸಿಕ್ಕಿತು, ಕೂರಲಾಗಲಿಲ್ಲ; ಬಾಗಿಲಿಗೂ ಸೀಟಿಗೂ ಓಡಾಡಿ ಬೈಸಿಕೊಂಡೆ. ಮೊಬೈಲಿನಲ್ಲಿ ಉರಿಯುತ್ತಿರುವ ಹಡಗೊಂದನ್ನು ತೋರಿಸುತ್ತಿದ್ದರು. ಹೆಸರು ಓದೋಣವೆಂದು ಬೆರಳಿನಿಂದ ಹಿಗ್ಗಿಸಿದೆ. ಹೊಗೆಯೇ ದೊಡ್ಡದಾಯಿತು.

ಮಲಾಡಿನ ಮನೆಯ ಬಾಗಿಲು ತೆರೆದಿತ್ತು. ಟಿ.ವಿ.ಯಲ್ಲಿ ಅದೇ ಹಡಗು, ಅದೇ ಹೊಗೆ. ಸೋಫಾದ ಮೇಲೆ ಅತ್ತೆ; ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಎದುರು ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರ ಕಾಕೂ. ನಾನು ಹಾರಿ ರಿಮೋಟಿಗೆ ಕೈ ಹಾಕಿದೆ.

"ಇರಲಿ ಬಿಡಿ," ಎಂದರು ಅತ್ತೆ. "ಸುಧಾಕರ ಮೊದಲ ದಿನವೇ ಫೋನ್ ಮಾಡಿ ಹೇಳಿದ್ದ. ನಿಮಗೆಲ್ಲ ಗಾಬರಿ ಆಗುವುದು ಬೇಡ ಅಂತ ನಾನೇ ಸುಮ್ಮನಿದ್ದೆ. ಅದು ಅವನ ಹಡಗಲ್ಲವಂತೆ, ಕಾಕೂ ಓದಿ ಹೇಳಿದರು."

ಕಾದೆವು. ಟಿ.ವಿ.ಯ ಪಂಡಿತರು ಯಾರು ಎಷ್ಟು ಹೊರೆ ಹೊರಬೇಕೆಂದು ಕಿತ್ತಾಡುತ್ತಿದ್ದರು. ಕಾಕೂ "ಜಾವಯೀಬಾಪು, ಬಸಾ" ಎಂದು ಅಳಿಯನಿಗೆ ಚಹಾ ತಂದುಕೊಟ್ಟರು. ನಾನು ಕೂರಲಿಲ್ಲ. ಸಂಜೆಯಾಗುವಾಗ ಫೋನು ಬಂತು. ನಾನೇ ಕಸಿದುಕೊಂಡೆ.

"ದಾಟಿ ಆಯ್ತು ಭಾವ," ಎಂದ ಸುಧಾಕರ.

"ಯಾರ ನೌಕೆ ಬಂತು ಕಾವಲಿಗೆ?"

"ನಂಗೆಂತ ಗೊತ್ತು. ನಾನು ಕೆಳಗೆ ಚಪಾತಿ ಲಟ್ಟಿಸ್ತಾ ಇದ್ದೆ. ಹೆದರಿಕೆಗೆ ಎಲ್ಲರಿಗೂ ವಿಪರೀತ ಹಸಿವು ಮಾರಾಯ್ರೆ. ಅಮ್ಮನಿಗೆ ಕೊಡಿ."

ಮಗನ ಜೊತೆ ಮಾತಾಡಿ ಫೋನು ಇಟ್ಟ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕಾಕೂ ಬೆನ್ನು ಸವರಿದರು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ರಮೇಶ, "ನಮ್ಮೆಲ್ಲರ ಒಗ್ಗಟ್ಟಿನ ಫಲ" ಎಂದು ಕೈ ಮುಗಿದಿದ್ದ. ದಯಾನಂದ ಹೂಗುಚ್ಛ ಕಳಿಸಿದ್ದ. ನನ್ನ ಮೈ ಉರಿಯಿತು. ಕಾವಲಿಗೆ ನಿಜವಾಗಿ ಬಂದವನು ಯಾರೆಂದು ಸಾಕ್ಷಿ ಸಮೇತ ತೋರಿಸಲು ಅತ್ತೆಯ ಪಕ್ಕ ನಿಂತು ಮೊಬೈಲು ಎತ್ತಿದೆ.

"ಕಾಕೂವನ್ನೂ ಸೇರಿಸಿ," ಎಂದರು ಅತ್ತೆ. "ಇಷ್ಟೂ ದಿನ ಬೆಳಿಗ್ಗೆ ಸಂಜೆ ಬಂದು ಕೂತವರು ಅವರು. ಅವರು ನಿಮ್ಮ ಗ್ರೂಪಿನಲ್ಲಿ ಇಲ್ಲ ಅಲ್ವಾ?"

ಸೇರಿಸಿಕೊಂಡು ತೆಗೆದೆ, ಕಳಿಸಿದೆ. ಫೋನು ಹಿಡಿದವನು ನಾನಾದ್ದರಿಂದ ಚಿತ್ರದ ತುಂಬ ನನ್ನ ಮುಖವೇ ಬಂದಿದೆ. ಭುಜದ ಹಿಂದೆ, ಗಮನವಿಟ್ಟು ನೋಡಿದರೆ, ಕಾಕೂವಿನ ಒಂದು ಕಿವಿ ಕಾಣುತ್ತದೆ.