ಸೂರ್ಯನೊಡನೆ ಮಾವನ ಜಗಳ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಒಬ್ಬನೇ ಒಬ್ಬ ವೈರಿ. ಅವನು ದಿನಾ ಬೆಳಿಗ್ಗೆ ಪಕ್ಕದ ಠಾಕುರ್ಲಿ ಕಡೆಯಿಂದ ಮೇಲೆದ್ದು, ಡೊಂಬಿವಲಿಯ ಮಕ್ಕಳನ್ನೆಲ್ಲ ಹಪ್ಪಳದಂತೆ ಸುಡಲು ಹೊಂಚು ಹಾಕುತ್ತಾನೆ. ಹೌದು, ಸಾಕ್ಷಾತ್ ಸೂರ್ಯ! ತಮಾಷೆಯೆಂದರೆ, ಸ್ನಾನವಾದ ಮೇಲೆ ಮಾವ ಅವನಿಗೇ ಅರ್ಘ್ಯ ಕೊಟ್ಟು ಕೈ ಮುಗಿಯುತ್ತಾರೆ. ಕೇಳಿದರೆ, "ಅದು ಬೇರೆ, ಇದು ಬೇರೆ ಮಾರಾಯ್ತಿ. ದೇವರಾದ್ರೂ ಮಕ್ಕಳ ತಂಟೆಗೆ ಬರ್ಬಾರ್ದು!"

ಉಡುಪಿ ಕಡೆಯಿಂದ ಬಂದ ಮಾವ ಸ್ಟೇಷನ್ ಬಳಿಯ ಹೋಟೆಲನ್ನು ಮಗನಿಗೆ ವಹಿಸಿದ ಮೇಲೆ, ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳೇ ಅವರಿಗೆ ಗಿರಾಕಿಗಳು. ಒಮ್ಮೆ ನನ್ನನ್ನೂ ನನ್ನ ಮಕ್ಕಳನ್ನೂ ಠಾಣೆ ಪಟ್ಟಣಕ್ಕೆ ಕರೆದುಕೊಂಡು ಹೊರಟರು. ಲೋಕಲ್ ರೈಲಿನಲ್ಲಿ ಸೀಟು ಸಿಗುವುದೇ ಪುಣ್ಯ, ಇವರಿಗೆ ನೆರಳಿನ ಸೀಟೇ ಆಗಬೇಕು! ಯಾರ್ಯಾರನ್ನೋ ಬೇಡಿ, ಕಾಡಿ, ಮಕ್ಕಳನ್ನು ಎದುರು ಬದಿಗೆ ಸಾಗಿಸಿದರು. ಅಷ್ಟರಲ್ಲಿ ರೈಲು ತಿರುವು ತೆಗೆದುಕೊಂಡಿತು. ಬಿಸಿಲು ನೇರ ಮಕ್ಕಳ ಮಡಿಲಿಗೇ! ಮಾವ ಹಲ್ಲು ಕಡಿದರು, "ನೋಡಿದ್ಯಾ, ಹಿಂದಿನಿಂದ ಬಂದ!"

ಆಗಿನ್ನೂ ಮಕ್ಕಳ ಕೈಗೆ ಮೊಬೈಲು ಬಂದಿರಲಿಲ್ಲ. ರಜೆಯಲ್ಲಿ ಹಗಲೆಲ್ಲ ಕ್ರಿಕೆಟ್. ಮಾವ ಊರಿನಿಂದ ಒಂದು ಗೋಣಿ ಮುಟ್ಟಾಳೆ ತರಿಸಿದರು. ಗದ್ದೆ ಕೆಲಸದವರು ತಲೆಗೆ ಹಾಕುತ್ತಾರಲ್ಲ, ಅಡಿಕೆ ಹಾಳೆಯ ಟೋಪಿ, ಅದೇ. ಎರಡೂ ತಂಡಕ್ಕೆ ಕಡ್ಡಾಯ. ಅಂಪೈರ್ ಯಾರು? ಮಾವನೇ! ಒಂದು ದಿನ ಚೆಂಡು ಒಬ್ಬ ಫೀಲ್ಡರನ ಮುಟ್ಟಾಳೆಗೆ ಬಡಿದು ಹಾರಿ ಇನ್ನೊಬ್ಬನ ಕೈಗೆ ಬಿತ್ತು. "ಅಜ್ಜಾ, ಯೇ ಔಟ್ ನಹೀಂ ಹೈ!" ಇದು ಔಟಲ್ಲ ಎಂದು ಬ್ಯಾಟಿಂಗ್ ಮಾಡುತ್ತಿದ್ದ ನನ್ನ ಮಗ ಸಿಟ್ಟಿನಿಂದ ಟೋಪಿ ಕಿತ್ತೆಸೆದ. ಮಾವ ಬೆರಳೆತ್ತಿದರು, "ಈಗ ಔಟ್. ಟೋಪಿ ತೆಗೆದವ ಔಟ್!"

ನಮ್ಮ ಗೇಟಿನೆದುರು ಒಂದು ಟವರ್ ಏಳುತ್ತಿತ್ತು. ಕಲಬುರಗಿ ಕಡೆಯ ಹೆಂಗಸೊಬ್ಬಳು ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅವಳ ಪುಟ್ಟ ಮಗಳು ಮಟಮಟ ಮಧ್ಯಾಹ್ನ ಮರಳಿನ ರಾಶಿಯ ಮೇಲೆ ಬರಿದಲೆಯಲ್ಲಿ ಕೂತಿದ್ದಳು. ಮಾವ ಕೆಂಡವಾದರು.

"ಎಂಥದಿದು? ಮಗುವನ್ನು ನೆರಳಲ್ಲಿ ಕೂರಿಸ್ಲಿಕ್ಕೆ ಆಗುದಿಲ್ವಾ ನಿಂಗೆ?"

ಅವಳು ತಲೆಯ ಮೇಲಿನ ಹೊರೆ ಇಳಿಸದೆಯೇ ಹೇಳಿದಳು, "ಕುಂಡ್ರಸ್ತೀನ್ರಿ ಯಪ್ಪಾ. ನೆರಳು ಎಲ್ಲೈತಿ, ತೋರಸ್ರಿ."

ಮಾವ ಸುತ್ತ ನೋಡಿದರು. ಒಂದು ಮರವಿಲ್ಲ, ಸೂರಿಲ್ಲ. ನೆರಳಿದ್ದದ್ದು ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಮಾತ್ರ. ಅಲ್ಲಿ ಮಾವನ ಹೊಸ ಕಾರು ತಣ್ಣಗೆ ನಿಂತಿತ್ತು. ಆ ಜಾಗಕ್ಕಾಗಿ ಅವರು ಮೀಟಿಂಗುಗಳಲ್ಲಿ ಆಡಿದ ಜಗಳವೇನು ಕಡಿಮೆಯೇ! ಮಾವ ನೆಟ್ಟಗೆ ಹೋಗಿ ಕಾರನ್ನು ಹೊರಗೆ ತಂದು ಬಿಸಿಲಿಗೆ ನಿಲ್ಲಿಸಿದರು. ಖಾಲಿಯಾದ ಜಾಗದಲ್ಲಿ ಚಾಪೆ ಹಾಸಿ ಮಗುವನ್ನು ಕೂರಿಸಿದರು.

ಸೊಸೈಟಿಯ ಸೆಕ್ರೆಟರಿ ಓಡಿ ಬಂದು, ಪಾರ್ಕಿಂಗ್ ಇರುವುದು ಗಾಡಿಗೆ ಎಂದು ಮರಾಠಿಯಲ್ಲಿ ಕೂಗಾಡಿದರು. ಮಾವ ಮಗುವನ್ನು ತೋರಿಸಿ, "ಹೀಚ್ ಮಾಝೀ ಗಾಡೀ," ಇದೇ ನನ್ನ ಗಾಡಿ ಎಂದರು. ಅಂದಿನಿಂದ ತಾಯಿ ಕೆಲಸ ಮುಗಿಸಿ ಬರುವವರೆಗೂ ಮಾವ ಮಗುವಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದರು.

ಟವರ್ ಮುಗಿಯಿತು. ತಾಯಿ, ಮಗಳು ಭಿವಂಡಿ ಕಡೆಯ ಕೆಲಸಕ್ಕೆ ಹೊರಟುಹೋದರು. ಅಷ್ಟರಲ್ಲಿ ಕಾರಿನ ಬಣ್ಣ ಮಂಕಾಗಿತ್ತು.

"ಇನ್ನಾದ್ರೂ ಕಾರು ಒಳಗೆ ತನ್ನಿ ಮಾವ," ಎಂದೆ.

ಮಾವ ಚಾಪೆ ಕೊಡವುತ್ತಿದ್ದರು. "ಹಿಂದಿನ ಪ್ಲಾಟಲ್ಲಿ ಪಾಯ ತೋಡ್ಲಿಕ್ಕೆ ಶುರು ಮಾಡಿದ್ದಾರೆ. ಅಲ್ಲಿಗೂ ಮಕ್ಕಳು ಬರ್ತಾವಲ್ಲ, ಮಾರಾಯ್ತಿ?"

ನಾನು ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡೆ.