ಗುರುಗಳ ಸೀನು, ದರ್ಜಿಯ ಲಿಲ್ಲಿ

ಎಲ್ಲಕ್ಕೂ ಕಾರಣ ಒಂದು ಸೀನು. ಚರ್ಚಿನ ಬೆಳಗಿನ ಬಲಿಪೂಜೆಯಲ್ಲಿ ಹೊಸ ಗುರುಗಳು ಪ್ರಬೋಧನೆಗೆಂದು ಬಾಯಿ ತೆರೆದು "ಪ್ರಿಯ ಸಹೋದರ..." ಎನ್ನುವಷ್ಟರಲ್ಲಿ ಅದು ಸಿಡಿಯಿತು. ಮೈಕು ಕೂಡ ಬೆಚ್ಚಿ ಕಿರುಚಿಕೊಂಡಿತು.

ಮುಂದಿನ ಸಾಲಿನಲ್ಲಿದ್ದ ಗಾಯನ ತಂಡದ ಯಜಮಾನಿ ನೋಡಿದ್ದು ಗುರುಗಳನ್ನಲ್ಲ, ಯೇಸುವಿನ ತಾಯಿ ಮರಿಯಮ್ಮನವರ ಪ್ರತಿಮೆಯ ಪಾದದ ಬಳಿಯಿದ್ದ ಬಿಳಿ ಲಿಲ್ಲಿಗಳನ್ನು. ಆಮೇಲೆ ಅವನ್ನಿಟ್ಟ ದರ್ಜಿಯನ್ನು.

ದರ್ಜಿಗೆ ಆಗಲೇ ಮೈ ಉರಿಯಿತು. ಹಳೆಯ ಎಣ್ಣೆ ಡಬ್ಬಗಳಲ್ಲಿ ಆ ಲಿಲ್ಲಿಗಡ್ಡೆ ನೆಟ್ಟವಳು ಅವನ ತಾಯಿ. ಮೊದಲ ಹೂವು ಅರಳಿದರೆ ಮನೆಯವರು ಮೂಸುವಂತಿರಲಿಲ್ಲ. "ಮೊದಲು ಆ ತಾಯಿಗೆ, ಆಮೇಲೆ ನಿನ್ನ ಮೂಗಿಗೆ" ಎನ್ನುತ್ತಿದ್ದಳು. ಕಣ್ಣು ಮುಚ್ಚುವ ಮುನ್ನ ಮಗನಿಂದ ಅವಳು ಕೇಳಿಕೊಂಡದ್ದೂ ಇದೊಂದನ್ನೇ: ಇದನ್ನು ತಪ್ಪಿಸಬೇಡ. ಈ ವರ್ಷದ ಮೊದಲ ಹೂಗಳು ಅರಳಿದ್ದು ಇವತ್ತೇ.

ಪೂಜೆ ಮುಗಿದು ಅಂಗಳಕ್ಕಿಳಿದದ್ದೇ ಯಜಮಾನಿ ಅಡ್ಡ ನಿಂತಳು. "ಫಾದರ್‌ಗೆ ಲಿಲ್ಲಿ ವಾಸನೆ ಆಗಲ್ಲ ಕಣಯ್ಯ. ಸಂಜೆ ಪೂಜೆ ಹೊತ್ತಿಗೆ ತೆಗೆದುಬಿಡು."

"ಧೂಪಕ್ಕೂ ಸೀನು ಬರತ್ತೆ ಅಕ್ಕಾ. ನಿಮ್ಮ ಪೌಡರ್‌ಗೂ ಬರತ್ತೆ."

"ನನ್ನ ಪೌಡರ್ ಸುದ್ದಿ ನಿಂಗ್ಯಾಕೆ? ನೀನು ಹೊಲಿದ ಅಂಗಿ ಹಾಕ್ಕೊಂಡು ಮೇಲಿನ ಸ್ವರಕ್ಕೆ ಹೋಗಕ್ಕೆ ಉಸಿರೇ ಸಾಲ್ತಿಲ್ಲ. ಯಾರಿಗಾದ್ರೂ ಹೇಳಿದ್ನಾ?"

ಬೇಕರಿಯವನು ಮಧ್ಯೆ ತಲೆ ಹಾಕಿದ. "ಜಗಳ ಯಾಕೆ? ನಮ್ಮ ಅಂಗಡೀಲಿ ಪ್ಲಾಸ್ಟಿಕ್ ಲಿಲ್ಲಿ ಇದಾವೆ. ಬಾಡಲ್ಲ, ಉದುರಲ್ಲ, ಇವನ ಹಾಗೆ ಮುನಿಸಿಕೊಳ್ಳೋದೂ ಇಲ್ಲ."

ಗುರುಗಳು ಮೂಗೊರಸಿಕೊಳ್ಳುತ್ತಾ, "ತಂದುಬಿಡಿ" ಎಂದರು.

ಮಧ್ಯಾಹ್ನ ದರ್ಜಿ ಬಂದು ನೋಡಿದರೆ ಅವನ ಲಿಲ್ಲಿಗಳು ಹೊರಗಿನ ಬಕೆಟ್ಟಿನಲ್ಲಿ, ಹೂದಾನಿಯಲ್ಲಿ ಪ್ಲಾಸ್ಟಿಕ್ಕು. ಅದರ ಮೇಲೆ ಯಜಮಾನಿ ತನ್ನ ಸೆಂಟಿನ ಬಾಟಲಿಯನ್ನು ಪುಸುಪುಸು ಒತ್ತುತ್ತಿದ್ದಳು.

"ಇದೇನಕ್ಕಾ ಇದು?"

"ದೇವರ ಮನೆಗೆ ಪರಿಮಳ ಬೇಡ್ವಾ?"

ಆಕೆ ಅತ್ತ ಹೋದದ್ದೇ ತಡ, ದರ್ಜಿಯ ಸಿಟ್ಟು ಇಸ್ತ್ರಿಪೆಟ್ಟಿಗೆಯಂತೆ ಕಾಯಿತು. ಮರಿಯಮ್ಮನವರಿಗೇ ಸುಳ್ಳು ಪರಿಮಳವೇ! ಪ್ಲಾಸ್ಟಿಕ್ಕನ್ನು ಕಿತ್ತು ಪೊರಕೆ ಇಡುವ ಬೀರುವಿಗೆ ತುರುಕಿ, ತನ್ನ ಲಿಲ್ಲಿಗಳನ್ನೇ ಮತ್ತೆ ಇಟ್ಟ. ಸಂಜೆ ಒಂದು ಸೀನೂ ಬರಲಿಲ್ಲವೆಂದರೆ ಎಲ್ಲರೆದುರು ಎದ್ದು ನಿಜ ಹೇಳುವುದು, ಇವರ ಬಾಯಿ ಮುಚ್ಚಿಸುವುದು.

ಸಂಜೆ ಗುರುಗಳು ಹೂದಾನಿಯ ಮುಂದೆ ಬಗ್ಗಿ ಎದೆತುಂಬ ಉಸಿರೆಳೆದುಕೊಂಡರು. ದರ್ಜಿ ಉಸಿರು ಬಿಗಿಹಿಡಿದ. ಏನೂ ಆಗಲಿಲ್ಲ. ವಾಚನ ಮುಗಿಯಿತು, ಪ್ರಬೋಧನೆ ಮುಗಿಯಿತು. ಹೂವು ಸುಳ್ಳೆಂದು ನಂಬಿದ ಮೂಗು ಹಾಲು ಕುಡಿದ ಬೆಕ್ಕಿನಂತೆ ಮಲಗಿಬಿಟ್ಟಿತ್ತು.

ಕೊನೆಯ ಆಶೀರ್ವಾದವಾದ ಮೇಲೆ ಗುರುಗಳು ನಕ್ಕರು. "ಪ್ಲಾಸ್ಟಿಕ್ ಹೂವಿಗೂ ಎಂಥಾ ಪರಿಮಳ!"

"ನನ್ನ ಸೆಂಟು ಫಾದರ್!" ಯಜಮಾನಿ ಎದ್ದೇಬಿಟ್ಟಳು.

ದರ್ಜಿಗೆ ತಡೆಯಲಾಗಲಿಲ್ಲ. "ಸೆಂಟೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ! ನಮ್ಮಮ್ಮನ ಲಿಲ್ಲಿ ಫಾದರ್ ಅವು! ಮುಟ್ಟಿ ನೋಡಿ! ಇಷ್ಟು ಹೊತ್ತು ಒಂದು ಸೀನಾದ್ರೂ ಬಂತಾ?"

ಗುರುಗಳು ಎಸಳೊಂದನ್ನು ಮುಟ್ಟಿದರು. ತಣ್ಣಗಿತ್ತು, ಮೆತ್ತಗಿತ್ತು. ಅವರ ಮುಖದ ಬಣ್ಣ ಬದಲಾಯಿತು. ಮೂಗಿನ ತುದಿ ಅದುರಿತು.

"ನಿಜವಾದ ಹೂ..."

ಆಮೇಲೆ ಬಂದ ಸೀನುಗಳಿಗೆ ಬಲಿಪೀಠದ ಮೇಣದಬತ್ತಿಯೇ ಆರಿಹೋಯಿತು. "ತೆಗೀಪ್ಪಾ... ಆಕ್ಷೀ... ಪ್ಲಾಸ್ಟಿಕ್ಕೇ ಇರ್ಲಿ... ವಾರಾವಾರ ಬಂದು ನೀನೇ ಅದನ್ನ ತೊಳೆದಿಡು!"

ಲಿಲ್ಲಿಗಳನ್ನು ಕಂಕುಳಲ್ಲಿ ಅವುಚಿಕೊಂಡು, ಹಲ್ಲು ಕಡಿಯುತ್ತಾ ದರ್ಜಿ ಬೀರು ತೆರೆದ. ಪೊರಕೆಯ ಧೂಳು ಮೆತ್ತಿದ, ಸೆಂಟು ನಾರುವ ಪ್ಲಾಸ್ಟಿಕ್ಕು ಮುಖಕ್ಕೇ ಬಂದು ಬಿತ್ತು.

"ಆಕ್ಷೀ!"

ಬೆನ್ನ ಹಿಂದೆ ಯಜಮಾನಿಯ ದನಿ ಮೇಲಿನ ಸ್ವರವನ್ನು ಸಲೀಸಾಗಿ ಮುಟ್ಟಿತು. "ನೋಡಿದ್ರಾ ಫಾದರ್? ಪಾಪ, ಇವನಿಗೂ ಲಿಲ್ಲಿ ಆಗಲ್ಲ!"