ನಮ್ಮತ್ತೆ ಸ್ಥಾಪಿಸಿದ ಶಾಲೆ

ಯಲಹಂಕದಲ್ಲಿ ಒಂದು ಅದ್ಭುತವಾದ ಶಾಲೆಯಿದೆ. ನೀಲಿ ಲಂಗ, ಬಿಳಿ ಅಂಗಿಯ ಯೂನಿಫಾರ್ಮು, ಬಲು ಸ್ಟ್ರಿಕ್ಟಾದ ಒಬ್ಬ ಹೆಡ್ ಮಿಸ್ಸು, ಮನೆ ಬಾಗಿಲಿಗೇ ಬರುವ ಹಳದಿ ವ್ಯಾನು, ಎಲ್ಲವೂ ಇದೆ. ಇಲ್ಲದಿರುವುದು ಶಾಲೆಯೊಂದೇ! ಏಕೆಂದರೆ ಅದನ್ನು ಸ್ಥಾಪಿಸಿದವರು ನಮ್ಮತ್ತೆ. ಅದೂ ಹೆಸರಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ, ಕಂಬಿ ಹಿಡಿದುಕೊಂಡು, ನಿಂತ ನಿಲುವಿನಲ್ಲೇ.

ವಿಷಯ ಇಷ್ಟು. ಎಂಟು ವರ್ಷದ ನಮ್ಮ ಮಗಳು ಚಾರ್ವಿಯನ್ನು ನಾವು ಶಾಲೆಗೆ ಕಳಿಸುತ್ತಿರಲಿಲ್ಲ. ಮನೆಯಲ್ಲೇ ನಾನು ಕಲಿಸುತ್ತಿದ್ದೆ. ಯಾಕೆ ಅಂತ ಮಾತ್ರ ಕೇಳಬೇಡಿ, ಕೇಳಿದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಗಂಡ ಹೆಂಡತಿ ಇಬ್ಬರೂ ಕೂತು ಯೋಚಿಸಿ ಮಾಡಿದ ತೀರ್ಮಾನ, ಯಾರು ಏನೇ ಅಂದರೂ ಬದಲಾಯಿಸುವುದಿಲ್ಲ ಎಂದು ಗಟ್ಟಿಯಾಗಿ ಕೂತಿದ್ದೆವು. ಆಗಲೇ ಅರಸೀಕೆರೆಯಿಂದ ಅತ್ತೆ ಮಾವ ಬಂದಿಳಿದರು. ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ. “ಜನ ಕೇಳಿದ್ರೆ ಏನ್ ಹೇಳೋದು?” ಎಂದು ಒಂದೇ ಮಾತು ಕೇಳಿ ಸುಮ್ಮನಾದರು. ನನಗೆ ಆಗಲೇ ಭಯವಾಗಬೇಕಿತ್ತು! ನಾವು ಗಟ್ಟಿಯಾಗಿದ್ದರೆ ಅವರು ನಮಗಿಂತ ಗಟ್ಟಿ.

ನಮ್ಮ ತಿರುಗಾಟವೆಲ್ಲ ಬುಧವಾರ. ಅಂದು ಎಲ್ಲೂ ಜನಸಂದಣಿ ಇರುವುದಿಲ್ಲ. ಅತ್ತೆ ಮಾವನನ್ನೂ ಕರೆದುಕೊಂಡು ಮೊದಲ ಬುಧವಾರ ಹೆಸರಘಟ್ಟದ ಹುಲ್ಲುಗಾವಲು ನೋಡಲು ಹೊರಟೆವು. ನಮ್ಮ ಜನ ಮಗುವಿನ ಹೆಸರು ಕೇಳುವ ಮೊದಲೇ ಶಾಲೆ ಕೇಳುತ್ತಾರೆ, ಗಮನಿಸಿದ್ದೀರಾ? ಬಸ್ಸಿನಲ್ಲಿ ಒಬ್ಬ ಹೆಂಗಸು ಕೇಳಿಯೇಬಿಟ್ಟರು: “ಯಾವ್ ಸ್ಕೂಲು ಪುಟ್ಟಿ?”

ಚಾರ್ವಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ಯಲಹಂಕದಲ್ಲೇ ಕಣ್ರೀ. ಮೂರನೇ ಕ್ಲಾಸು” ಎಂದರು.

“ಮತ್ತೆ ಇವತ್ತು ಸ್ಕೂಲಿಲ್ವಾ?”

“ರಜ ಕೊಟ್ಬಿಟ್ರು. ಹೆಡ್ ಮಿಸ್ ಅವರ ಮಾವ ತೀರ್ಕೊಂಡ್ರಂತೆ, ಪಾಪ.”

ಮನೆಯಲ್ಲಿ ಪಾಠ ಹೇಳುವ ಹೆಡ್ ಮಿಸ್ಸು ನಾನೇ ತಾನೆ? ಪಕ್ಕದಲ್ಲಿ ನಿಂತಿದ್ದ ನನ್ನ ಮಾವ ಬೆಚ್ಚಿಬಿದ್ದು ತಮ್ಮ ಎದೆ ಮುಟ್ಟಿ ನೋಡಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ಬುಧವಾರ ಬಂತೆಂದರೆ ಹೆಡ್ ಮಿಸ್ ಬಳಗದಲ್ಲಿ ಒಬ್ಬರಿಗೆ ಗ್ರಹಚಾರ! ಒಂದು ವಾರ ಚಿಕ್ಕಮ್ಮ, ಇನ್ನೊಂದು ವಾರ ಮೈದುನ. ಮಾವನಿಗೆ ತಡೆಯಲಾಗಲಿಲ್ಲ.

“ಹಿಂಗೇ ಒಬ್ಬೊಬ್ಬರನ್ನೇ ಕಳಿಸ್ತಾ ಇದ್ರೆ, ಕೊನೆಗೆ ಹೆಡ್ ಮಿಸ್ ಒಬ್ಬಳೇ ಉಳಿಯೋದು ಕಣೇ.”

“ಅವಳನ್ನ ಮುಟ್ಟಲ್ಲ ಬಿಡಿ. ಸ್ಕೂಲು ನಡೀಬೇಕಲ್ಲ!” ಎಂದರು ಅತ್ತೆ.

ಹೆಬ್ಬಾಳದ ಕೆರೆಯ ಹತ್ತಿರ ಹಕ್ಕಿ ನೋಡಲು ಹೋದಾಗ ನಮಗೆ ಆರ್.ಟಿ. ನಗರದ ಶಾಹೀನ್ ಪರಿಚಯವಾದರು. ಅವರ ಇಬ್ಬರು ಗಂಡುಮಕ್ಕಳೂ ಮನೆಯಲ್ಲೇ ಕಲಿಯುವವರು. ನನಗಂತೂ ಮರುಭೂಮಿಯಲ್ಲಿ ನೀರು ಸಿಕ್ಕಿದಷ್ಟು ಸಂತೋಷ. ಅತ್ತೆ ಮಾತ್ರ “ಇನ್ನೂ ಇಬ್ರಾ!” ಎಂದು ಹಣೆ ಚಚ್ಚಿಕೊಂಡು, ಮರುಕ್ಷಣವೇ ಸಾವರಿಸಿಕೊಂಡರು. ವಾಕಿಂಗ್ ಬಂದ ಯಜಮಾನರೊಬ್ಬರು ವಿಚಾರಿಸಿದ ಕೂಡಲೇ ಇಬ್ಬರನ್ನೂ ತಮ್ಮ ಶಾಲೆಗೆ ಸೇರಿಸಿಕೊಂಡರು. “ಎಲ್ರೂ ಒಂದೇ ಸ್ಕೂಲು. ಇವನು ನಾಕನೇ ಕ್ಲಾಸು, ಇವನು ಒಂದು.”

ಚಿಕ್ಕವನಿಗೆ ಸಿಟ್ಟು ಬಂತು. “ನಂಗ್ಯಾಕಜ್ಜಿ ಒಂದು? ನಂಗೆ ಮಗ್ಗಿ ಬರುತ್ತೆ!”

“ಸರಿ, ಎರಡಕ್ಕೆ ಹಾಕಿದೀನಿ. ಸುಮ್ನಿರು.”

ಶಾಹೀನ್ ನಕ್ಕು ನಕ್ಕು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. “ಅಮ್ಮಾ, ನಮ್ಮತ್ತೇನೂ ದಿನಾ ಇದಕ್ಕೇ ತಲೆ ತಿಂತಾರೆ. ಇನ್ಮೇಲೆ ನಾನೂ ನಿಮ್ ಸ್ಕೂಲೇ ಹೇಳ್ತೀನಿ. ಹೆಸರೇನಮ್ಮಾ?”

“ಹೆಸರು ಇಟ್ಟಿಲ್ಲ. ಇಟ್ರೆ ಜನ ಹುಡುಕ್ಕೊಂಡು ಹೋಗ್ತಾರೆ” ಎಂದರು ಅತ್ತೆ ಗಂಭೀರವಾಗಿ. ಎಂಥ ದೂರದೃಷ್ಟಿ!

ಆದರೆ ಹೆಸರಿಲ್ಲದಿದ್ದರೂ ಹುಡುಕಿಕೊಂಡು ಬರುವವರು ಬಂದೇ ಬಂದರು. ಹುಣಸಮಾರನಹಳ್ಳಿಯಲ್ಲಿ ಒಬ್ಬರ ಹಸುವಿನ ಕೊಟ್ಟಿಗೆ ನೋಡಲು ಎರಡೂ ಸಂಸಾರ ಹೋಗಿದ್ದೆವು. ಮಕ್ಕಳು ಆ ಮನೆಯ ಯಜಮಾನಿಯನ್ನು ಪ್ರಶ್ನೆಗಳಲ್ಲಿ ಮುಳುಗಿಸಿದರು. ಹಸು ನಿಂತೇ ನಿದ್ದೆ ಮಾಡುತ್ತಾ? ಕರುವಿಗೆ ಅಮ್ಮ ಯಾರು ಅಂತ ಹೇಗೆ ಗೊತ್ತು? ಆಕೆಗೆ ಸಂತೋಷವೋ ಸಂತೋಷ. ನೇರವಾಗಿ ಅತ್ತೆಯ ಕೈ ಹಿಡಿದುಕೊಂಡರು.

“ಈ ಮಕ್ಳು ಎಂಗ್ ಮಾತಾಡ್ತವೆ ನೋಡಿ! ನಮ್ ಮೊಮ್ಮಗ ಇಸ್ಕೂಲಿಂದ ಬಂದ್ರೆ ಬಾಯೇ ಬಿಡಲ್ಲ. ಇವರು ಓಗೋ ಇಸ್ಕೂಲ್ಗೇ ಅವನ್ನೂ ಆಕ್ತೀವಿ. ಒಂದ್ ಸೀಟು ಕೊಡ್ಸಿ ತಾಯಿ.”

“ಸೀಟೆಲ್ಲ ಭರ್ತಿ ಆಗಿದೆಯಮ್ಮ.”

“ಮುಂದಿನ ವರ್ಸದ ತನಕ ಕಾಯ್ತೀವಿ ಬಿಡಿ.”

“ನಿಮ್ ಕಡೆಗೆ ವ್ಯಾನು ಬರಲ್ಲ.”

“ಅವರಪ್ಪ ಬೈಕಲ್ಲಿ ಬಿಡ್ತಾನೆ.”

ಅತ್ತೆಯ ಹಣೆಯ ಮೇಲೆ ಬೆವರು. ಮಾವ ಹಸುವಿನ ಹಿಂದೆ ಹೋಗಿ ಅವಿತುಕೊಂಡು ನಗುತ್ತಿದ್ದರು. ಕೊನೆಗೆ ಅತ್ತೆ ಧ್ವನಿ ತಗ್ಗಿಸಿ, “ಬೇಡ ಕಣಮ್ಮಾ, ಆ ಸ್ಕೂಲು ಮಾತ್ರ ಬೇಡ. ಯಾವಾಗ್ ನೋಡಿದ್ರೂ ಹೆಡ್ ಮಿಸ್ ಮನೇಲಿ ಸಾವು!” ಎಂದುಬಿಟ್ಟರು. ಆಕೆ ಮಕ್ಕಳನ್ನು ಮರುಕದಿಂದ ನೋಡಿ, ಒಂದೊಂದು ಲೋಟ ಹಾಲು ಜಾಸ್ತಿ ಕೊಟ್ಟರು.

ಬಸ್‌ಸ್ಟಾಪಿನವರೆಗೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿ ಕೂತಿದ್ದ ಮುದುಕರೊಬ್ಬರು ಚಾರ್ವಿಯನ್ನು ಕೇಳಿದರು, “ಎಷ್ಟನೇ ಕ್ಲಾಸಮ್ಮ?”

ಈ ಸಲ ಅತ್ತೆ ಬಾಯಿ ತೆರೆಯಬೇಕಾಗಲಿಲ್ಲ. “ಮೂರನೇ ಕ್ಲಾಸು ತಾತ. ಇವತ್ತು ರಜ. ನಮ್ ಹೆಡ್ ಮಿಸ್ ಅವರ ದೊಡ್ಡಪ್ಪ ಹೋಗ್ಬಿಟ್ರು” ಎಂದಳು ಮಗಳು. ಒಂದಿಷ್ಟೂ ತಡವರಿಸದೆ, ಮುಖ ಸಪ್ಪಗೆ ಮಾಡಿಕೊಂಡು. ನಮ್ಮೆಲ್ಲರ ನಗು ಅಲ್ಲೇ ನಿಂತುಹೋಯಿತು.

ಬಸ್ಸು ಹತ್ತಿ ಕೂತ ಮೇಲೆ ಅವಳು ಅಜ್ಜಿಗೆ ಒರಗಿಕೊಂಡು ಕೇಳಿದಳು: “ಅಜ್ಜೀ, ನಾನು ಸ್ಕೂಲಿಗೆ ಹೋಗಲ್ಲ ಅಂತ ನಿಂಗೆ ನನ್ನ ಕಂಡ್ರೆ ನಾಚಿಕೇನಾ?”

ಅತ್ತೆ ಕಿಟಕಿಯ ಕಡೆ ತಿರುಗಿದವರು ಯಲಹಂಕ ಬರುವವರೆಗೂ ಈ ಕಡೆ ನೋಡಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಊಟ, ಮಾತು ಎಲ್ಲ ಅಷ್ಟಕ್ಕಷ್ಟೇ ಆಯಿತು.

ಆ ಭಾನುವಾರ ಗಂಗಾನಗರದಲ್ಲಿ ಅತ್ತೆಯ ಅಣ್ಣನ ಮನೆಯ ಗೃಹಪ್ರವೇಶ. ಇಡೀ ಬಳಗ ಅಲ್ಲಿ ಸೇರಿತ್ತು. ಅತ್ತೆ ನಿಜವಾಗಿ ಹೆದರುತ್ತಿದ್ದುದು ಬಸ್ಸಿನ ಜನಕ್ಕಲ್ಲ, ಈ ಜನಕ್ಕೆ. ಊಟಕ್ಕೆ ಕೂತಾಗ ಅಣ್ಣನ ಹೆಂಡತಿ ಹೋಳಿಗೆ ಬಡಿಸುತ್ತಾ ಬಂದು, ಚಾರ್ವಿಯ ಎಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೇಳಿದರು, “ಇವಳನ್ನ ಯಾವ್ ಸ್ಕೂಲಿಗೆ ಹಾಕಿದೀರಿ?”

ಚಾರ್ವಿ ಅಜ್ಜಿಯ ಮುಖ ನೋಡಿದಳು. ಏನು ಹೇಳಿದರೆ ಅಜ್ಜಿಗೆ ಅವಮಾನವಾಗುವುದಿಲ್ಲ ಎಂದು ಕಾಯುತ್ತಿತ್ತು ಆ ಮಗು.

“ಸ್ಕೂಲಿಗೆ ಹೋಗಲ್ಲ ಅತ್ತಿಗೆ” ಎಂದರು ಅತ್ತೆ. “ಮನೇಲೇ ಕಲೀತಾಳೆ. ನನ್ ಸೊಸೆ ಹೇಳ್ಕೊಡ್ತಾಳೆ.”

“ಅಯ್ಯೋ ಪಾಪ! ಯಾಕೆ, ಮಗೂಗೆ ಏನಾದ್ರೂ...”

“ಪಾಪ ಅನ್ಬೇಡಿ. ಮಗೂಗೆ ಏನೂ ಆಗಿಲ್ಲ. ಇನ್ನೇನಾದ್ರೂ ಕೇಳೋದಿದ್ರೆ ಅವಳನ್ನೇ ಕೇಳಿ. ಚೆನ್ನಾಗ್ ಮಾತಾಡ್ತಾಳೆ.”

ಚಾರ್ವಿಗೆ ಇನ್ನೇನು ಬೇಕು? ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದುಕೊಂಡು ಹೇಗೆ ಅಗಿಯುತ್ತದೆ ಎಂದು, ಹೋಳಿಗೆ ಬಾಯಲ್ಲಿಟ್ಟುಕೊಂಡವರಿಗೆಲ್ಲ ವಿವರಿಸತೊಡಗಿದಳು! ಅತ್ತೆ ತಲೆ ಬಗ್ಗಿಸದೆ ಕೂತಿದ್ದರು.

ವಾಪಸ್ ಬರುವಾಗ ಆಟೋದಲ್ಲಿ ಅವರೇ ಮಾತು ತೆಗೆದರು. “ನಿಮ್ಮ ಈ ಪದ್ಧತಿ ನಂಗೆ ಈಗ್ಲೂ ಒಪ್ಪಿಗೆ ಇಲ್ಲ ಕಣಮ್ಮ, ಹೇಳ್ಬಿಟ್ಟಿದೀನಿ. ಆದ್ರೆ ನನ್ ಮರ್ಯಾದೆ ಕಾಯೋಕೆ ಆ ಮಗು ಸುಳ್ಳು ಹೇಳೋದು ಬೇಡ.”

ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು. ಅವರು ಬಿಡಿಸಿಕೊಳ್ಳಲಿಲ್ಲ.